ಮೂರ್ಛೆಗೆ ಕಡಿವಾಣ ಹಾಕುವ ‘ಅಲೆಮಾರಿ’ ನರ

ಹರಿಹರ ತಾಲ್ಲೂಕಿನ ಭಾನುವಳ್ಳಿಯಂಥ ಊರಿನ ಶಾಲೆಯಲ್ಲಿ, ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಹುಡುಗನೊಬ್ಬ ದಡಕ್ಕನೆ ಬಿದ್ದು ಕೈಕಾಲು ಸೆಳೆದುಕೊಳ್ಳತೊಡಗಿದರೆ ಮೊದಲು ನಡೆಯುವುದು ಬೀಗದಕೈಗಾಗಿ ಹುಡುಕಾಟ. ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುತ್ತದೆಂಬ ನಂಬಿಕೆ ಇನ್ನೂ ಹೋಗಿಲ್ಲ. ಸೆಳವು ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಹೆಸರು ಬೀಗದಕೈಗೆ ಬರುತ್ತದೆ, ಅಷ್ಟೆ. ಹುಡುಗನನ್ನು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ತುರುಕದೆ, ಗಡಿಯಾರ ನೋಡುತ್ತಿರಬೇಕು. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಬೇಕು.

ಮೂರ್ಛೆ ರೋಗ ದೆವ್ವದ ಕಾಟವಲ್ಲ, ಅಂಟುರೋಗವೂ ಅಲ್ಲ. ಮಿದುಳಿನ ಜೀವಕೋಶಗಳು ಒಮ್ಮೆಗೇ ಹದತಪ್ಪಿ ವಿದ್ಯುತ್ ಹರಿಸುವುದೇ ಇದಕ್ಕೆ ಕಾರಣ. ಮೂವರಲ್ಲಿ ಇಬ್ಬರಿಗೆ ಮಾತ್ರೆಗಳಿಂದಲೇ ಹತೋಟಿ ಸಿಗುತ್ತದೆ. ತೊಂದರೆಯೆಲ್ಲ ಉಳಿದ ಒಬ್ಬರದು. ಸರಿಯಾಗಿ ಆರಿಸಿದ ಎರಡು ಔಷಧಗಳನ್ನು ಸರಿಯಾಗಿ ಸೇವಿಸಿದರೂ ಸೆಳವು ನಿಲ್ಲದಿದ್ದರೆ ಅದು ಔಷಧಕ್ಕೆ ಬಗ್ಗದ ಮೂರ್ಛೆ ಎಂದು 2010ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಂಘಟನೆ ವ್ಯಾಖ್ಯಾನಿಸಿತು.

ಇಲ್ಲಿ ‘ಸರಿಯಾಗಿ ಸೇವಿಸಿದರೂ’ ಎಂಬ ಮಾತು ಮುಖ್ಯ. ಜಾತ್ರೆಯ ಗಡಿಬಿಡಿಯಲ್ಲಿ ಮಾತ್ರೆ ಮರೆಯುವುದು, ಪರೀಕ್ಷೆಗೆಂದು ರಾತ್ರಿಯಿಡೀ ನಿದ್ದೆಗೆಡುವುದು, ಆರು ತಿಂಗಳು ಸೆಳವು ಬರಲಿಲ್ಲವೆಂದು ತಾವಾಗಿಯೇ ಔಷಧ ಬಿಡುವುದು ಇವೆಲ್ಲ ಔಷಧದ ಸೋಲಲ್ಲ. ಹಳೇ ಮೈಸೂರು ಭಾಗದಲ್ಲಿ ತಲೆಗೆ ಬಿಸಿನೀರು ಸುರಿದುಕೊಂಡಾಗ ಮಾತ್ರ ಬರುವ ಮೂರ್ಛೆಯೂ ಉಂಟು. ಬೆಂಗಳೂರಿನ ವೈದ್ಯರು ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಅಂಥ ಎಷ್ಟೋ ಮಂದಿಗೆ ನೀರಿನ ಬಿಸಿ ಇಳಿಸಿದರೇ ಗುಣ ಕಾಣುತ್ತದೆ.

ನಿಜಕ್ಕೂ ಔಷಧ ಸೋತಾಗ ಎಂ.ಆರ್.ಐ. ಮತ್ತು ವಿಡಿಯೊ ಇ.ಇ.ಜಿ. ಮೂಲಕ ಸೆಳವಿನ ಮೂಲ ಹುಡುಕುತ್ತಾರೆ. ಅದು ಮಿದುಳಿನ ಒಂದೇ ಜಾಗದಲ್ಲಿದ್ದು, ತೆಗೆದರೆ ಅಪಾಯವಿಲ್ಲವೆಂದಾದರೆ ಶಸ್ತ್ರಚಿಕಿತ್ಸೆಯೇ ಮೊದಲ ಆಯ್ಕೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯವಿದೆ. ಅದಕ್ಕೂ ಅವಕಾಶವಿಲ್ಲದವರಿಗೆ ವೇಗಸ್ ನರದ ಪ್ರಚೋದನೆ.

ವೇಗಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಅಲೆಮಾರಿ. ಮಿದುಳಿನ ಬುಡದಿಂದ ಹೊರಟು ಕುತ್ತಿಗೆ, ಹೃದಯ, ಶ್ವಾಸಕೋಶ, ಹೊಟ್ಟೆಯವರೆಗೆ ಸುತ್ತಾಡುವ ಈ ನರಕ್ಕೆ ಒಪ್ಪುವ ಹೆಸರೇ ಸರಿ. ಇದರ ಹೆಚ್ಚಿನ ಎಳೆಗಳು ದೇಹದ ಸುದ್ದಿಯನ್ನು ಮಿದುಳಿಗೆ ಒಯ್ಯುತ್ತವೆ. ಆ ದಾರಿಯಲ್ಲೇ ಮಿದುಳನ್ನು ಹದಕ್ಕೆ ತರಬಹುದೇ? ಈ ಪ್ರಶ್ನೆಯನ್ನು 19ನೇ ಶತಮಾನದ ಕೊನೆಯಲ್ಲೇ ನ್ಯೂಯಾರ್ಕಿನ ವೈದ್ಯ ಜೇಮ್ಸ್ ಕಾರ್ನಿಂಗ್ ಕೇಳಿದ್ದರೂ ಅದು ಮರೆತುಹೋಯಿತು. 1980ರ ದಶಕದಲ್ಲಿ ಫಿಲಡೆಲ್ಫಿಯಾದ ಜೇಕಬ್ ಜಬಾರಾ ನಾಯಿಗಳ ಮೇಲೆ ಪ್ರಯೋಗ ನಡೆಸಿದರು. 1988ರಲ್ಲಿ ಮೊದಲ ಬಾರಿಗೆ ಮನುಷ್ಯನಿಗೆ ಉಪಕರಣ ಅಳವಡಿಸಲಾಯಿತು. 1997ರಲ್ಲಿ ಅಮೆರಿಕ ಸರ್ಕಾರದ ಮಾನ್ಯತೆ ದೊರೆಯಿತು.

ಎಡಗಡೆಯ ಕೊರಳೆಲುಬಿನ ಕೆಳಗೆ, ಚರ್ಮದಡಿ ಬ್ಯಾಟರಿಯುಳ್ಳ ಪುಟ್ಟ ಬಿಲ್ಲೆ. ಅಲ್ಲಿಂದ ಕುತ್ತಿಗೆಯ ಎಡ ವೇಗಸ್ ನರಕ್ಕೆ ಸುತ್ತಿದ ತಂತಿ. ಬಲ ನರಕ್ಕೆ ಹೃದಯದ ಬಡಿತದ ಮೇಲೆ ಹಿಡಿತ ಹೆಚ್ಚಾದ್ದರಿಂದ ಎಡದ್ದನ್ನೇ ಆರಿಸುತ್ತಾರೆ. ತಲೆಬುರುಡೆ ತೆರೆಯುವ ಮಾತೇ ಇಲ್ಲ. ಸಾಮಾನ್ಯವಾಗಿ 30 ಸೆಕೆಂಡು ಮಿಡಿತ, ಐದು ನಿಮಿಷ ಬಿಡುವು, ಹಗಲೂ ರಾತ್ರಿಯೂ ಹೀಗೆಯೇ. ಸೆಳವಿನ ಮುನ್ಸೂಚನೆ ಕಂಡರೆ ಅಯಸ್ಕಾಂತವನ್ನು ಬಿಲ್ಲೆಯ ಮೇಲೆ ಆಡಿಸಿ ಹೆಚ್ಚುವರಿ ಮಿಡಿತ ಕೊಡಬಹುದು. ಬೀಗದಕೈ ಹುಡುಕಿದವರಿಗೆ ಇದೂ ಕಬ್ಬಿಣದಾಟವೆಂದು ಅನಿಸಿದರೆ ತಪ್ಪಲ್ಲ!

ಆದರೆ ಪೋಷಕರು ಪೂರ್ಣ ಗುಣದ ಆಸೆ ಇಟ್ಟುಕೊಳ್ಳಬಾರದು. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಸೆಳವು ಅರ್ಧಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಯುತ್ತದೆ, ಅದೂ ತಿಂಗಳುಗಳ ಮೇಲೆ. ಸೆಳವು ಪೂರ್ತಿ ನಿಲ್ಲುವುದು ಕೆಲವರಿಗೆ ಮಾತ್ರ. ಮಾತ್ರೆ ತಪ್ಪುವುದಿಲ್ಲ. ವೆಚ್ಚ ಹಲವು ಲಕ್ಷ ರೂಪಾಯಿ. ಕೆಲವು ವರ್ಷಗಳ ಮೇಲೆ ಬ್ಯಾಟರಿ ಮುಗಿದರೆ ಮತ್ತೆ ಸಣ್ಣ ಶಸ್ತ್ರಚಿಕಿತ್ಸೆ. ಒಂದೂವರೆ ಎಕರೆ ಗದ್ದೆಯ ಸಂಸಾರಕ್ಕೆ ಇದು ಸುಲಭದ ತೀರ್ಮಾನವಲ್ಲ. ತಿಂಗಳಿಗೆ ಇಪ್ಪತ್ತು ಸಲ ಬೀಳುವ ಮಗು ಹತ್ತು ಸಲ ಬಿದ್ದರೆ ಅದರ ಬೆಲೆಯೆಷ್ಟು ಎಂಬುದನ್ನು ಆ ತಾಯಿಯೇ ಹೇಳಬೇಕು.

ಅಡ್ಡಪರಿಣಾಮಗಳಲ್ಲಿ ಹೆಚ್ಚಾಗಿ ಕಾಣುವುದು ಮಿಡಿತದ ಹೊತ್ತಿನ ಕೆಮ್ಮು, ಗಂಟಲಲ್ಲಿ ಜುಮುಜುಮು ಮತ್ತು ಗೊಗ್ಗರು ದನಿ. ತರಗತಿಯಲ್ಲಿ ಪಾಠ ಓದುತ್ತಿರುವ ಹುಡುಗಿಯ ದನಿ ಇದ್ದಕ್ಕಿದ್ದಂತೆ ಕಟ್ಟಿದರೆ ಮೇಷ್ಟ್ರು ಗದರಬೇಕಿಲ್ಲ. ಅರ್ಧ ನಿಮಿಷ ತಡೆದರೆ ಅವಳು ಮುಂದಿನ ಸಾಲು ಓದುತ್ತಾಳೆ.