ಚೈನಿಗೆ ಎಣ್ಣೆ, ಬ್ರೇಕ್ ಲಿವರಿಗೆ ಗ್ರೀಸು: ಯಾವುದು, ಎಲ್ಲಿ, ಎಷ್ಟು?

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳು ಕರ್ನಾಟಕದ ಅತಿ ಕಡಿಮೆ ಮಳೆಯ ಪ್ರದೇಶಗಳ ಸಾಲಿಗೆ ಸೇರಿದವು. ಮುಂಗಾರಿನ ತಿಂಗಳುಗಳಲ್ಲಿಯೂ ಅಲ್ಲಿ ಮಳೆಗಿಂತ ಗಾಳಿಯೇ ಹೆಚ್ಚು. ಗಾಳಿಯ ಜೊತೆಗೆ ಧೂಳು. ಹಳ್ಳಿಯ ಶಾಲೆಗೆ ಹೋಗುವ ಶಿಕ್ಷಕರು, ಶೇಂಗಾ ಹೊಲಕ್ಕೆ ಹೊರಟ ರೈತರು, ರೇಷ್ಮೆ ಸೀರೆಗಳ ಗಂಟು ಕಟ್ಟಿಕೊಂಡ ನೇಕಾರರು - ಎಲ್ಲರೂ ನೆಚ್ಚಿಕೊಂಡಿರುವುದು ಮೋಟಾರ್ ಸೈಕಲನ್ನು. ಈ ಧೂಳಿಗೆ ಬೇಗ ಬಲಿಯಾಗುವ ಎರಡು ಭಾಗಗಳೆಂದರೆ ಚೈನು ಮತ್ತು ಬ್ರೇಕ್ ಲಿವರಿನ ಕೀಲು. ಓಡುವಾಗ ಚೈನು ಕಡಿದು ಹಿಂಚಕ್ರಕ್ಕೆ ಸಿಕ್ಕಿಕೊಂಡರೆ ಅಥವಾ ಹಿಡಿದ ಬ್ರೇಕು ಬಿಗಿಯಾಗಿ ಹತ್ತದಿದ್ದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಎರಡಕ್ಕೂ ಪರಿಹಾರ ಕೆಲವು ಹನಿ ಕೀಲೆಣ್ಣೆ. ಆದರೆ ಯಾವ ಎಣ್ಣೆ? ಎಲ್ಲಿಗೆ? ಇದಕ್ಕೆ ಭೌತಶಾಸ್ತ್ರ ಉತ್ತರ ಕೊಡುತ್ತದೆ.

ಚೈನು ಹಿಗ್ಗುವುದೆ?

‘ಚೈನು ಹಿಗ್ಗಿದೆ’ ಎಂದು ಮೆಕ್ಯಾನಿಕ್ ಹೇಳುವುದನ್ನು ನೀವು ಕೇಳಿರಬಹುದು. ವಾಸ್ತವವಾಗಿ ಉಕ್ಕು ರಬ್ಬರಿನಂತೆ ಹಿಗ್ಗಿರುವುದಿಲ್ಲ, ಸವೆದಿರುತ್ತದೆ. ಚೈನಿನ ಪ್ರತಿ ಕೀಲಿನಲ್ಲಿಯೂ ಒಂದು ಪಿನ್, ಅದನ್ನು ಸುತ್ತುವರಿದ ಬುಷ್ ಎಂಬ ಕೊಳವೆ, ಅದರ ಮೇಲೆ ಉರುಳುವ ರೋಲರ್ ಇರುತ್ತವೆ. ಈ ರಚನೆಯನ್ನು 1880ರಲ್ಲಿ ಹ್ಯಾನ್ಸ್ ರೆನಾಲ್ಡ್ ರೂಪಿಸಿದ. ಸವೆತ ಮುಖ್ಯವಾಗಿ ಆಗುವುದು ಹೊರಗೆ ಕಾಣದ ಪಿನ್ ಮತ್ತು ಬುಷ್‌ಗಳ ನಡುವೆ.

ಒಂದು ಲೆಕ್ಕ ಮಾಡೋಣ. ಸಣ್ಣ ಮೋಟಾರ್ ಸೈಕಲುಗಳಲ್ಲಿ ಒಂದು ಕೀಲಿನಿಂದ ಮುಂದಿನ ಕೀಲಿಗೆ ಸಾಮಾನ್ಯವಾಗಿ 12.7 ಮಿ.ಮೀ. ಅಂತರ. 104 ಕೀಲುಗಳಿದ್ದರೆ ಚೈನಿನ ಉದ್ದ ಸುಮಾರು 1,321 ಮಿ.ಮೀ. ಪ್ರತಿ ಕೀಲೂ ಕೇವಲ ಕಾಲು ಮಿಲಿಮೀಟರ್ ಸವೆದರೆ ಒಟ್ಟು 26 ಮಿ.ಮೀ. ಸಡಿಲ, ಅಂದರೆ ಶೇಕಡ 2ರಷ್ಟು. ಆಗ ರೋಲರ್‌ಗಳು ಹಲ್ಲುಚಕ್ರದ ಕುಳಿಗಳಲ್ಲಿ ಸರಿಯಾಗಿ ಕೂರದೆ ಹಲ್ಲುಗಳನ್ನೂ ತಿನ್ನತೊಡಗುತ್ತವೆ.

ಕೀಲು ಬಾಗುವುದು ಚೈನು ಹಲ್ಲುಚಕ್ರವನ್ನು ಸೇರುವಾಗ ಮತ್ತು ಬಿಡುವಾಗ. ಮುಂದಿನ ಚಕ್ರಕ್ಕೆ 14, ಹಿಂದಿನದಕ್ಕೆ 42 ಹಲ್ಲುಗಳಿದ್ದರೆ, ಒಂದು ಸುತ್ತಿನಲ್ಲಿ ಪ್ರತಿ ಕೀಲೂ ನಾಲ್ಕು ಬಾರಿ ಹೊರಳುತ್ತದೆ: ಮುಂದೆ ಎರಡು ಬಾರಿ ಸುಮಾರು 26 ಡಿಗ್ರಿ, ಹಿಂದೆ ಎರಡು ಬಾರಿ ಸುಮಾರು 9 ಡಿಗ್ರಿ. ಟೈರಿನ ಸುತ್ತಳತೆ 1.88 ಮೀಟರ್ ಎಂದುಕೊಂಡರೆ, ಗಾಡಿ 4.66 ಮೀಟರ್ ಸಾಗುವಷ್ಟರಲ್ಲಿ ಚೈನು ಒಂದು ಸುತ್ತು ಮುಗಿಸುತ್ತದೆ. 50 ಕಿ.ಮೀ. ಪ್ರಯಾಣದಲ್ಲಿ ಒಂದೊಂದು ಕೀಲೂ ಸುಮಾರು 43 ಸಾವಿರ ಬಾರಿ ಹೊರಳಿರುತ್ತದೆ! ಪ್ರತಿ ಬಾರಿಯೂ ಪಿನ್ ಮತ್ತು ಬುಷ್ ಒಂದನ್ನೊಂದು ಉಜ್ಜುತ್ತವೆ. ನಡುವೆ ಧೂಳು ಸೇರಿದರೆ? ಧೂಳಿನಲ್ಲಿರುವ ಬೆಣಚುಕಲ್ಲಿನ ಕಣಗಳು ಸಾಧಾರಣ ಉಕ್ಕನ್ನು ಗೀರಬಲ್ಲಷ್ಟು ಗಡುಸು. ಅಲ್ಲಿ ಉಜ್ಜುಕಾಗದವನ್ನೇ ಇಟ್ಟಂತಾಗುತ್ತದೆ.

ಎಣ್ಣೆಯ ಊರಿನಲ್ಲಿ ಯಾವ ಎಣ್ಣೆ?

ಚಳ್ಳಕೆರೆ ಶೇಂಗಾ ಎಣ್ಣೆಯ ಗಿರಣಿಗಳಿಗೆ ಹೆಸರಾದ ಊರು. ಅಡುಗೆಮನೆಯಲ್ಲಿರುವ ಅದೇ ಎಣ್ಣೆಯನ್ನು ಚೈನಿಗೆ ಬಿಟ್ಟರಾಗದೆ? ಎತ್ತಿನ ಗಾಡಿಯ ಅಚ್ಚಿಗೆ ನಮ್ಮ ಹಿರಿಯರು ಹರಳೆಣ್ಣೆ ಹಾಕುತ್ತಿರಲಿಲ್ಲವೆ? ಪ್ರಶ್ನೆ ಸಹಜವಾದುದೇ.

ವೇಗವಾಗಿ ತಿರುಗುವ ಬೇರಿಂಗ್‌ನಲ್ಲಿ ಎಣ್ಣೆ ಒಂದು ಪೊರೆಯಾಗಿ ಎರಡು ಲೋಹಗಳನ್ನು ಪೂರ್ತಿ ಬೇರ್ಪಡಿಸುತ್ತದೆ. ವೇಗ, ಒತ್ತಡ ಮತ್ತು ಎಣ್ಣೆಯ ಸ್ನಿಗ್ಧತೆಗೆ ತಕ್ಕಂತೆ ಘರ್ಷಣೆ ಹೇಗೆ ಬದಲಾಗುತ್ತದೆಂಬುದನ್ನು ಜರ್ಮನಿಯ ರಿಚರ್ಡ್ ಸ್ಟ್ರೈಬೆಕ್ 1902ರಲ್ಲಿ ತೋರಿಸಿದ. ಆದರೆ ಚೈನಿನ ಕೀಲು ಪೂರ್ತಿ ತಿರುಗುವುದಿಲ್ಲ. 26 ಡಿಗ್ರಿ ಹೊರಳಿ ನಿಂತುಬಿಡುತ್ತದೆ. ಅಲ್ಲಿ ದಪ್ಪ ಪೊರೆ ಉಳಿಯುವುದು ಕಷ್ಟ. ಲೋಹಕ್ಕೆ ಅಂಟಿಕೊಂಡ, ಕೆಲವೇ ಅಣುಗಳಷ್ಟು ದಪ್ಪದ ಪದರವೇ ರಕ್ಷಣೆ ಕೊಡಬೇಕು. ಈ ಕೆಲಸದಲ್ಲಿ ಸಸ್ಯತೈಲಗಳು ಕಡಿಮೆಯೇನಲ್ಲ! ಅವುಗಳ ಅಣುಗಳ ಒಂದು ತುದಿ ಲೋಹವನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ.

ತೊಂದರೆ ಇರುವುದು ಬಾಳಿಕೆಯಲ್ಲಿ. ಶೇಂಗಾ ಎಣ್ಣೆಯ ಅಣುಗಳಲ್ಲಿ ಇಂಗಾಲದ ದ್ವಿಬಂಧಗಳಿವೆ. ಬಿಸಿಯಲ್ಲಿ, ತೆಳುವಾಗಿ ಹರಡಿಕೊಂಡಾಗ, ಗಾಳಿಯ ಆಕ್ಸಿಜನ್ ಈ ಬಂಧಗಳ ಬಳಿ ದಾಳಿ ಮಾಡಿ ಅಣುಗಳನ್ನು ಒಂದಕ್ಕೊಂದು ಹೆಣೆಯುತ್ತದೆ. ಬಾಣಲೆಯ ಅಂಚಿನಲ್ಲಿ ಕಟ್ಟುವ ಅಂಟು ಜಿಡ್ಡು ಇದೇ. ಚೈನಿನಲ್ಲಿ ಅದು ಧೂಳನ್ನು ಹಿಡಿದಿಟ್ಟು ಕೀಲನ್ನು ಬಿಗಿಮಾಡುತ್ತದೆ. ಎತ್ತಿನ ಗಾಡಿ ನಿಧಾನ. ಅದರ ಅಚ್ಚಿಗೆ ಮತ್ತೆ ಮತ್ತೆ ಹೊಸ ಎಣ್ಣೆ ಬೀಳುತ್ತಿತ್ತು, ಹಾಗಾಗಿ ನಡೆಯುತ್ತಿತ್ತು. ಎಂಜಿನ್ನಿನಿಂದ ತೆಗೆದ ಹಳೆಯ ಕಪ್ಪು ಎಣ್ಣೆಯೂ ಬೇಡ. ಅದರಲ್ಲಿ ಲೋಹದ ಪುಡಿ, ಮಸಿ ಮತ್ತು ಆಮ್ಲಗಳಿರುತ್ತವೆ. ವಾಹನದ ಕೈಪಿಡಿ ಹೇಳುವ ಗೇರ್ ಎಣ್ಣೆ (ಹಲವು ಗಾಡಿಗಳಿಗೆ ಎಸ್.ಎ.ಇ. 90) ಅಥವಾ ಚೈನ್ ಸ್ಪ್ರೇ ಸರಿಯಾದುದು.

ಬ್ರೇಕಿನ ಬಲ ಎಲ್ಲಿ ಸೋರುತ್ತದೆ?

ಬ್ರೇಕ್ ಲಿವರ್ ಒಂದು ಸನ್ನೆ. ಬೆರಳಿನ ಒತ್ತು ಕೀಲಿನಿಂದ 120 ಮಿ.ಮೀ., ತಂತಿಯ ಎಳೆತ 30 ಮಿ.ಮೀ. ದೂರದಲ್ಲಿದ್ದರೆ 100 ನ್ಯೂಟನ್ ಹಿಡಿತ ತಂತಿಯಲ್ಲಿ 400 ನ್ಯೂಟನ್ ಆಗುತ್ತದೆ. ಡ್ರಮ್ ಬ್ರೇಕಿನಲ್ಲಿ ಈ ತಂತಿ ಬಾಗಿದ ಕವಚದೊಳಗೆ ಹಾದು ಚಕ್ರವನ್ನು ತಲುಪಬೇಕು. ಬಾಗಿದಲ್ಲೆಲ್ಲ ಘರ್ಷಣೆ. ಘರ್ಷಣಾಂಕ ಮತ್ತು ಒಟ್ಟು ತಿರುವಿನ ಗುಣಲಬ್ಧ ಹೆಚ್ಚಿದಂತೆ ಎಳೆತ ಘಾತೀಯವಾಗಿ ಕುಗ್ಗುತ್ತದೆ. ಬಾವಿಯ ಹಗ್ಗವನ್ನು ಕಂಬಕ್ಕೆ ಸುತ್ತಿ ಹಿಡಿದಾಗ ಭಾರ ಹಗುರವೆನಿಸುವುದೂ ಇದರಿಂದಲೇ.

ಒಟ್ಟು ತಿರುವು 90 ಡಿಗ್ರಿ ಎನ್ನಿ. ಘರ್ಷಣಾಂಕ 0.1 ಇದ್ದರೆ ಇನ್ನೊಂದು ತುದಿಗೆ 342 ನ್ಯೂಟನ್ ತಲುಪುತ್ತದೆ. ತುಕ್ಕು ಮತ್ತು ಧೂಳು ಸೇರಿ ಅದು 0.3 ಆದರೆ ತಲುಪುವುದು 250 ಮಾತ್ರ. ಬ್ರೇಕಿನ ಪರಿಣಾಮವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆಂದು ಭಾವಿಸಿದರೆ, ಗಂಟೆಗೆ 50 ಕಿ.ಮೀ. ವೇಗದಲ್ಲಿ 24 ಮೀಟರ್‌ಗೆ ನಿಲ್ಲುತ್ತಿದ್ದ ಗಾಡಿಗೆ ಅದೇ ಹಿಡಿತದಲ್ಲಿ 33 ಮೀಟರ್ ಬೇಕು. ಆ ಒಂಬತ್ತು ಮೀಟರ್‌ಗಳೊಳಗೆ ಒಂದು ಮಗು ರಸ್ತೆ ದಾಟುತ್ತಿರಬಹುದು.

ಕ್ರಮ ಹೀಗಿರಲಿ

ಎಂಜಿನ್ ನಿಲ್ಲಿಸಿ, ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ, ನ್ಯೂಟ್ರಲ್‌ನಲ್ಲಿಡಿ. ಹಿಂಚಕ್ರವನ್ನು ಕೈಯಿಂದಲೇ ತಿರುಗಿಸಿ. ಎಂಜಿನ್ ಓಡಿಸಿ ಚೈನು ಒರೆಸಲು ಹೋದರೆ ಬೆರಳು ಹಲ್ಲುಚಕ್ರಕ್ಕೆ ಸಿಕ್ಕುತ್ತದೆ.

ಮೊದಲು ಬಟ್ಟೆ ಮತ್ತು ಬ್ರಷ್‌ನಿಂದ ಕೊಳೆ ತೆಗೆಯಿರಿ. ರಬ್ಬರ್ ಉಂಗುರಗಳಿರುವ ಚೈನಾದರೆ ಪೆಟ್ರೋಲ್ ಮುಟ್ಟಿಸಬೇಡಿ. ಕೆಳಗಿನ ಸಾಲಿನ ಒಳಮೈಗೆ, ಪಟ್ಟಿಗಳು ಕೂಡುವಲ್ಲಿ ಎಣ್ಣೆ ಬಿಡಿ. ಲೋಮನಾಳ ಕ್ರಿಯೆ ಅದನ್ನು ಸಂದಿಗೆ ಎಳೆದುಕೊಳ್ಳುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಹೊರಗಿನ ಎಣ್ಣೆಯನ್ನು ಒರೆಸಿಬಿಡಿ. ಹೊರಮೈಯ ಎಣ್ಣೆಯಿಂದ ಧೂಳು ಹಿಡಿಯುವುದಷ್ಟೇ ಲಾಭ!

ಲಿವರಿನ ಕೀಲಿನ ಬೋಲ್ಟಿಗೆ ತೆಳುವಾಗಿ ಗ್ರೀಸ್ ಸಾಕು. ಡಿಸ್ಕ್ ಬ್ರೇಕಾದರೆ ತಯಾರಕರು ಹೇಳಿದ ಗ್ರೀಸನ್ನೇ ಬಳಸಿ. ಖನಿಜ ತೈಲ ಅದರ ರಬ್ಬರ್ ಸೀಲುಗಳನ್ನು ಕೆಡಿಸುತ್ತದೆ. ಬ್ರೇಕ್ ಶೂ, ಪ್ಯಾಡ್, ಡಿಸ್ಕ್ ಮತ್ತು ಟೈರಿಗೆ ಒಂದು ಹನಿಯೂ ತಾಗಬಾರದು. ಅಲ್ಲಿ ಘರ್ಷಣೆಯೇ ನಮ್ಮ ಮಿತ್ರ.

ತರಗತಿಗೊಂದು ಚಟುವಟಿಕೆ

ಸೈಕಲ್ ಚೈನಿನಲ್ಲಿಯೂ ಕೀಲುಗಳ ಅಂತರ 12.7 ಮಿ.ಮೀ. ಶಿಕ್ಷಕರು ವಿದ್ಯಾರ್ಥಿಗಳಿಂದ ಶಾಲೆಯ ಅಂಗಳದಲ್ಲಿರುವ ಸೈಕಲುಗಳ ಚೈನನ್ನು ಬಿಗಿಯಾಗಿ ಎಳೆದು 24 ಅಂತರಗಳ ಉದ್ದವನ್ನು ಅಳೆಸಲಿ. ಹೊಸದಾದರೆ ಅದು 304.8 ಮಿ.ಮೀ. ಇರಬೇಕು. ಅಳತೆ 308 ಮುಟ್ಟಿದ್ದರೆ ಶೇಕಡ 1ರಷ್ಟು ಸವೆದಿದೆ, ಬದಲಾಯಿಸುವ ಕಾಲ ಬಂದಿದೆ. ಎಣ್ಣೆ ಕಂಡ ಚೈನು, ಕಾಣದ ಚೈನು ಎಂದು ಎರಡು ಪಟ್ಟಿ ಮಾಡಿಸಿ ಹೋಲಿಸಿ. ಅಳತೆಪಟ್ಟಿಯೊಂದರಿಂದಲೇ ಸವೆತದ ಪಾಠವನ್ನು ಹೇಳಿಕೊಟ್ಟಂತಾಗುತ್ತದೆ.