ಮುದಿ ಬೆಕ್ಕು ಹೆಚ್ಚು ನೀರು ಕುಡಿಯುತ್ತಿದೆಯೇ?

ಮೊಳಕಾಲ್ಮೂರಿನ ಖಾಲಾ ಒಬ್ಬರು ಮಂಡಿನೋವಿನ ಔಷಧಿಗಾಗಿ ಚಳ್ಳಕೆರೆಯ ನನ್ನ ದವಾಖಾನೆಗೆ ಬರುತ್ತಾರೆ. ಅವರ ಮನೆಯಲ್ಲಿ ರೇಷ್ಮೆ ಸೀರೆ ನೇಯುವ ಮಗ್ಗವಿದೆ. ಇಲಿ ನೂಲು ಕಡಿಯಬಾರದೆಂದು ತಂದ ಬೆಕ್ಕಿಗೆ ಈಗ ಹದಿಮೂರು ವರ್ಷ. ಕಳೆದ ಬೇಸಿಗೆಯಲ್ಲಿ ಔಷಧಿ ಕಟ್ಟಿಸಿಕೊಂಡು ಎದ್ದವರು ಮತ್ತೆ ಕುಳಿತರು. "ಹಕೀಂ ಸಾಬ್, ನಮ್ಮ ಬಿಲ್ಲಿ ಜಾನಮಾಝ್ ಮೇಲೆ ಉಚ್ಚೆ ಮಾಡ್ತಾ ಇದೆ. ಯಾವತ್ತೂ ಹೀಗೆ ಮಾಡಿದ್ದಿಲ್ಲ. ಮಗ ಮೀನು ಮಾರ್ಕೆಟ್ ಹತ್ರ ಬಿಟ್ಟು ಬರ್ತೀನಿ ಅಂತಾನೆ. ಏನಾದ್ರೂ ಚೂರ್ಣ ಕೊಡ್ತೀರಾ?"

ನಾನು ಮನುಷ್ಯರ ವೈದ್ಯ. ಚೂರ್ಣ ಕೊಡಲಿಲ್ಲ, ಎರಡು ಪ್ರಶ್ನೆ ಕೇಳಿದೆ. ನೀರು ಹೆಚ್ಚು ಕುಡಿಯುತ್ತಿದೆಯೇ? "ಹೌದು, ಬಚ್ಚಲಿನ ಬಕೆಟ್ಟಿಗೇ ಬಾಯಿ ಹಾಕುತ್ತೆ. ಬಿಸಿಲು ಅಲ್ವಾ?" ಸಣ್ಣಗಾಗಿದೆಯೇ? "ಮುದಿಯಾಯ್ತಲ್ಲ, ಆಗುತ್ತೆ."

ನಮ್ಮ ಕಡೆಯ ಮುದಿ ಬೆಕ್ಕುಗಳಿಗೆ ಮುಳುವಾಗುವುದು ಈ ಎರಡು ಉತ್ತರಗಳೇ. ಬಿಸಿಲು ನಿಜ, ವಯಸ್ಸೂ ನಿಜ. ಹನ್ನೊಂದು ವರ್ಷದ ಬೆಕ್ಕೆಂದರೆ ನಮ್ಮ ಲೆಕ್ಕದಲ್ಲಿ ಅರವತ್ತು ದಾಟುವ ಹೊತ್ತು. ಆದರೆ ಮುಪ್ಪು ಕಾಯಿಲೆಯಲ್ಲ. ಒಂದೇ ಸಮನೆ ನೀರು ಕುಡಿಯುವ, ಮೂತ್ರ ಹೆಚ್ಚಿದ, ಇಳಿದು ಹೋದ ಮುದಿ ಬೆಕ್ಕಿಗೆ ಮೊದಲು ಅನುಮಾನಿಸಬೇಕಾದ್ದು ಮೂತ್ರಪಿಂಡವನ್ನು. ಈ ಅಂಗ ಸದ್ದಿಲ್ಲದೆ ಸೋಲುತ್ತದೆ. ಬಹುಪಾಲು ಕೆಟ್ಟ ಮೇಲೆಯೇ ಲಕ್ಷಣ ಹೊರಗೆ ಕಾಣುವುದು. ಮೂತ್ರವನ್ನು ಗಟ್ಟಿ ಮಾಡುವ ಶಕ್ತಿ ಹೋದಾಗ ನೀರೆಲ್ಲ ಹೊರಗೆ ಹರಿಯುತ್ತದೆ, ಅದನ್ನು ತುಂಬಿಕೊಳ್ಳಲು ಬೆಕ್ಕು ಕುಡಿಯುತ್ತದೆ. ಉಚ್ಚೆ ಕಡಿಮೆಯಾಗಲಿ ಎಂದು ನೀರಿನ ಬಟ್ಟಲು ಎತ್ತಿಡುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ಕೊಲ್ಲುತ್ತದೆ.

ಸಕ್ಕರೆ ಕಾಯಿಲೆಯಲ್ಲೂ ಬಾಯಾರಿಕೆ ಹೀಗೆಯೇ ಇರುತ್ತದೆ. ಹೊಟ್ಟೆಬಾಕನಂತೆ ತಿಂದೂ ಸೊರಗುವ, ರಾತ್ರಿಯಿಡೀ ಕೂಗುತ್ತ ತಿರುಗುವ ಬೆಕ್ಕಿಗೆ ಥೈರಾಯ್ಡ್ ಹೆಚ್ಚಿರಬಹುದು. ಬೆಕ್ಕುಗಳಲ್ಲಿ ಈ ಕಾಯಿಲೆಯನ್ನು ವೈದ್ಯರು ಗುರುತಿಸಿದ್ದೇ 1979ರಲ್ಲಿ. ನಿನ್ನೆ ಚೆನ್ನಾಗಿದ್ದ ಬೆಕ್ಕು ಇಂದು ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದರೆ, ಕಣ್ಣಿನ ಪಾಪೆ ಅರಳಿಕೊಂಡೇ ಇದ್ದರೆ, ರಕ್ತದೊತ್ತಡ ಏರಿ ದೃಷ್ಟಿ ಹೋಗಿರಬಹುದು, ಅಂದೇ ತೋರಿಸಬೇಕು. ಬಟ್ಟಲ ಬಳಿ ಬಂದು ಮೂಸಿ ಹಿಂದೆ ಸರಿದರೆ, ಜೊಲ್ಲು ಸುರಿದರೆ ಹಲ್ಲು ನೋಡಿಸಿ. ಸಂಧಿವಾತವಂತೂ ಹೆಚ್ಚಿನವರ ಕಣ್ಣಿಗೇ ಬೀಳುವುದಿಲ್ಲ. ಬೆಕ್ಕು ಕುಂಟುವುದು ಅಪರೂಪ. ಕಟ್ಟೆ ಹತ್ತುವುದನ್ನು ಬಿಡುತ್ತದೆ, ಬೆನ್ನು ನೆಕ್ಕಿಕೊಳ್ಳಲಾಗದೆ ರೋಮ ಜಡೆಗಟ್ಟುತ್ತದೆ, ಹೊಸ್ತಿಲು ದಾಟಿ ಹೊರಗೆ ಹೋಗಲಾರದೆ ಒಳಗೇ ಮಾಡಿಕೊಳ್ಳುತ್ತದೆ.

ಹಾಗಾದರೆ ಜಾನಮಾಝ್ ಗತಿ? ಬೆಕ್ಕು ಮುಟ್ಟಿದ ನೀರು ಅಶುದ್ಧವಲ್ಲ ಎಂಬುದು ನಮಗೆ ಗೊತ್ತು. ಹಝ್ರತ್ ಅಬೂ ಖತಾದಾ(ರ) ತಮ್ಮ ವುಝೂವಿನ ಪಾತ್ರೆಯನ್ನೇ ವಾಲಿಸಿ ಬೆಕ್ಕಿಗೆ ಕುಡಿಸಿದ್ದರು. ಆದರೆ ಮೂತ್ರ ನಜಸ್, ತೊಳೆಯಲೇಬೇಕು. ಸೋಪು ನೀರು ಸಾಕು. ಫಿನಾಯಿಲ್ ಬೇಡ, ಅದು ಮೆತ್ತಿದ ಪಾದವನ್ನು ಬೆಕ್ಕು ನೆಕ್ಕುತ್ತದೆ, ವಿಷವೇರುತ್ತದೆ. ನಮಾಝಿನ ಚಾಪೆ ಮಡಿಸಿ ಮೇಲಿಡಿ. ಅಂಚು ತಗ್ಗಾದ ಟ್ರೇಯಲ್ಲಿ ಮರಳು ಹಾಕಿ, ಬೆಕ್ಕು ಮಲಗುವಲ್ಲಿಗೆ ಹತ್ತಿರದಲ್ಲಿಡಿ, ದಿನವೂ ತೆಗೆಯಿರಿ. ಗರ್ಭಿಣಿಯರು ಈ ಕೆಲಸವನ್ನು ಬೇರೆಯವರಿಗೆ ಬಿಡಲಿ. ಬೆಕ್ಕಿನ ಮಲದಿಂದ ಟಾಕ್ಸೊಪ್ಲಾಸ್ಮಾ ರೋಗಾಣು ತಗುಲಿದರೆ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೆಡವಿದ ಹೆಂಗಸಿನ ಹದೀಸನ್ನು ಮಕ್ಕಳಿಗೆ ಹೇಳುತ್ತೇವೆ. ಹಲ್ಲಿಲ್ಲದ ಬೆಕ್ಕನ್ನು ಮಾರ್ಕೆಟ್ಟಿನ ನಾಯಿಗಳ ನಡುವೆ ಬಿಟ್ಟು ಬರುವುದು ಅದಕ್ಕಿಂತ ಹೇಗೆ ಕಡಿಮೆ, ನನಗೆ ತಿಳಿಯದು.

ಔಷಧಿಯ ವಿಷಯದಲ್ಲಿ ಮಾತ್ರ ನಾನು ಕಟುವಾಗಿಯೇ ಹೇಳುತ್ತೇನೆ. ನೋವಿದೆಯೆಂದು ಮರುಕಪಟ್ಟು ಪ್ಯಾರಾಸಿಟಮಾಲ್ ಕೊಡಬೇಡಿ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ರಕ್ತವು ಆಮ್ಲಜನಕ ಹೊರಲಾಗದೆ ವಸಡು ಕಂದು ತಿರುಗುತ್ತದೆ, ಮುಖ ಊದುತ್ತದೆ, 500 ಮಿ.ಗ್ರಾಂನ ಒಂದೇ ಮಾತ್ರೆ ಕೊಲ್ಲಲು ಸಾಕು. ನಮ್ಮ ಯುನಾನಿಯೂ ಇದಕ್ಕೆ ಹೊರತಲ್ಲ. ಮಂಡಿನೋವಿಗೆ ನಾವು ಕೊಡುವ ಸುರಂಜಾನ್, ಲೋಹ ಭಸ್ಮಗಳಾದ ಕುಶ್ತಾಗಳು ಯಾವುದೂ ಬೆಕ್ಕಿಗೆ ಸಲ್ಲ. ಖಾಲಾ ಕೈಯಲ್ಲಿದ್ದ ಪೊಟ್ಟಣ ಸುರಂಜಾನಿನದೇ. ಬೆಕ್ಕಿನ ಕೈಗೆಟುಕದ ಕಡೆ ಇಡಿ ಎಂದು ಎರಡು ಸಲ ಹೇಳಿ ಕಳಿಸಿದೆ.

ತಾಲ್ಲೂಕು ಪಶು ಆಸ್ಪತ್ರೆಗಳಿಗೆ ಬರುವುದು ಹೆಚ್ಚಾಗಿ ಕುರಿ, ದನ. ಬೆಕ್ಕು ಹೊತ್ತು ಹೋಗಲು ನಮ್ಮವರಿಗೆ ಸಂಕೋಚ. ಸಂಕೋಚ ಬೇಡ. ರಕ್ತ, ಮೂತ್ರ ಪರೀಕ್ಷೆಯಿಂದ ಮೂತ್ರಪಿಂಡದ ಸ್ಥಿತಿ ತಿಳಿಯುತ್ತದೆ. ಹೆಚ್ಚಿನ ತಪಾಸಣೆಗೆ ಶಿವಮೊಗ್ಗದಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಹೊರಡುವುದಾದರೆ ಬಿಸಿಲೇರುವ ಮೊದಲು, ಮುಚ್ಚಳದ ಬುಟ್ಟಿಯಲ್ಲಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ, ತೂಕ. ಶೇಂಗಾ ವ್ಯಾಪಾರದ ಚಳ್ಳಕೆರೆಯಲ್ಲಿ ತಕ್ಕಡಿಗೇನು ಬರವೇ? ತಿಂಗಳಿಗೊಮ್ಮೆ ಬೆಕ್ಕನ್ನು ಚೀಲದಲ್ಲಿ ಕೂರಿಸಿ ತೂಗಿ, ಕ್ಯಾಲೆಂಡರಿನಲ್ಲಿ ಬರೆದಿಡಿ. ನಾಲ್ಕು ಕಿಲೋ ಬೆಕ್ಕು 400 ಗ್ರಾಂ ಇಳಿಯಿತೆಂದರೆ 60 ಕಿಲೋ ಮನುಷ್ಯ 6 ಕಿಲೋ ಇಳಿದ ಹಾಗೆ.

ಖಾಲಾರ ಬೆಕ್ಕಿಗೆ ಮೂತ್ರಪಿಂಡದ ಕಾಯಿಲೆಯೇ ಇತ್ತು. ಅದು ವಾಸಿಯಾಗುವಂಥದ್ದಲ್ಲ. ಪಶುವೈದ್ಯರು ಚರ್ಮದಡಿ ದ್ರವ ಕೊಟ್ಟರು, ಆಹಾರ ಬದಲಿಸಿದರು, ನೀರು ಧಾರಾಳವಾಗಿರಲಿ ಎಂದರು. ಮೊನ್ನೆ ಬಂದಾಗ ಖಾಲಾ ಹೇಳಿದರು: ಮಗ್ಗದ ಪಕ್ಕ ಒಂದು, ಅಡುಗೆಮನೆಯಲ್ಲಿ ಒಂದು ನೀರಿನ ಬಟ್ಟಲು ಇಟ್ಟಿದ್ದಾರೆ, ಬೆಳಿಗ್ಗೆ ತುಂಬಿಸುವವನು ಮಗನೇ ಅಂತೆ.