‘ನೈಸ್’ ಎಂಬ ಪ್ರಶಂಸಾವಾಚಕದ ಅರ್ಥವೂ ಪ್ರಯೋಗವೂ

ಪರಭಾಷೆಯ ಶಬ್ದಗಳಲ್ಲಿ ವಸ್ತುವಾಚಕಗಳನ್ನು ಕಲಿಯುವುದು ಸುಲಭ; ಗುಣವಾಚಕಗಳನ್ನು ಕಲಿಯುವುದು ಕಷ್ಟ; ಅವುಗಳಲ್ಲಿಯೂ ಪ್ರಶಂಸೆಯನ್ನು ಸೂಚಿಸುವ ವಿಶೇಷಣಗಳನ್ನು ಕಲಿಯುವುದು ಕಷ್ಟತರವಾದುದು. ಕುದುರೆಗೆ ಇಂಗ್ಲಿಷಿನಲ್ಲಿ ಏನೆನ್ನುವರೆಂಬುದನ್ನು ಒಮ್ಮೆ ತಿಳಿದರೆ ಸಾಕು. ಮೆಚ್ಚಿಕೆಯ ಮಾತಾದರೋ ಯಾವುದಕ್ಕೆ, ಯಾರಿಗೆ, ಎಷ್ಟರಮಟ್ಟಿಗೆ ಸಲ್ಲುವುದೆಂಬುದು ನಿಘಂಟಿನ ಒಂದು ಪರ್ಯಾಯಪದದಿಂದ ತಿಳಿಯುವಂತಿಲ್ಲ. ಇದಕ್ಕೆ ನಿದರ್ಶನವಾಗಿ ‘ನೈಸ್’ ಎಂಬ ಅತಿಪರಿಚಿತ ಶಬ್ದವನ್ನು ತೆಗೆದುಕೊಂಡು, ಅದರ ಚರಿತ್ರೆ, ಕನ್ನಡದಲ್ಲಿ ಅದು ಪಡೆದ ಅರ್ಥ, ಅದನ್ನು ಕಲಿಸತಕ್ಕ ಕ್ರಮ—ಇವನ್ನು ಸಂಗ್ರಹವಾಗಿ ವಿವೇಚಿಸುವುದು ಈ ಲೇಖನದ ಉದ್ದೇಶ.

ಈ ತೊಡಕು ಗಡಿನಾಡಿನಲ್ಲಿ ವಿಶೇಷವಾಗಿ ಕಾಣಬರುತ್ತದೆ. ರಾಯಬಾಗವು ೧೯೪೯ರ ವರೆಗೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದಿತು; ೧೯೫೬ರ ರಾಜ್ಯಪುನರ್ವಿಂಗಡಣೆಯಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಅಲ್ಲಿಯ ವಿದ್ಯಾರ್ಥಿಯ ಕಿವಿಯಲ್ಲಿ ಕನ್ನಡದ ‘ಛಲೋ’, ‘ಛಂದ’ ಎಂಬುವುಗಳೊಡನೆ ಮರಾಠಿಯ ‘ಛಾನ್’, ‘ಚಾಂಗಲಾ’ ಎಂಬುವೂ ಇರುತ್ತವೆ. ಮೂರನೆಯದಾಗಿ ಇಂಗ್ಲಿಷಿನ ‘ನೈಸ್’ ಬಂದಾಗ ಅವನು ಅದನ್ನು ‘ಛಲೋ’ ಎಂಬುದರ ಜಾಗದಲ್ಲಿ ಕೂರಿಸಿ ನಿಶ್ಚಿಂತನಾಗುತ್ತಾನೆ. ಆದರೆ ‘ಛಲೋ’ ಎಂಬುದರ ವ್ಯಾಪ್ತಿ ಬೇರೆ. ‘ಈ ವರ್ಷ ಮಳಿ ಛಲೋ ಆತು’ ಎಂದರೆ ಮಳೆಯು ಬೆಳೆಗೆ ಸಾಕಾಗುವಷ್ಟು ಬಂದಿತೆಂದು ಅರ್ಥ. ‘ನೈಸ್’ ಎಂಬುದಕ್ಕೆ ಈ ಅರ್ಥವಿಲ್ಲ. ಅದು ಹಿತವನ್ನು ಹೇಳುವುದೇ ಹೊರತು ಸಮೃದ್ಧಿಯನ್ನಲ್ಲ.

ಇನ್ನು ಶಬ್ದದ ಚರಿತ್ರೆ. ಇದರ ಮೂಲ ಲ್ಯಾಟಿನಿನ ‘ನೆಸ್ಕಿಯುಸ್’. ‘ಅರಿಯದವನು’ ಎಂದು ಅದರ ಅರ್ಥ. ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಅದು ಮೂಢನೆಂಬ ನಿಂದೆಯ ಮಾತಾಗಿದ್ದಿತು. ಮುಂದೆ ‘ಅತಿನಾಜೂಕಿನ’, ‘ಸುಲಭವಾಗಿ ಮೆಚ್ಚದ’ ಎಂದೂ, ಅನಂತರ ‘ಸೂಕ್ಷ್ಮವಾದ’, ‘ನಿಷ್ಕೃಷ್ಟವಾದ’ ಎಂದೂ ಅರ್ಥವು ಹೊರಳಿತು. ಜಾನ್ಸನ್ ಪಂಡಿತನು ೧೭೫೫ರಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ ಈ ಸೂಕ್ಷ್ಮತೆಯ ಅರ್ಥಗಳೇ ಪ್ರಧಾನವಾಗಿವೆ. ‘ಹಿತವಾದ’ ಎಂಬ ಈಗಿನ ಅರ್ಥವು ರೂಢಿಯಾದುದು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ. ಜೇನ್ ಆಸ್ಟಿನಳು ತೀರಿಕೊಂಡ ೧೮೧೭ರ ಕಡೆಯಲ್ಲಿ ಪ್ರಕಟವಾದ ‘ನಾರ್ಥ್ಯಾಂಗರ್ ಆಬಿ’ ಎಂಬ ಕಾದಂಬರಿಯಲ್ಲಿ, ಒಂದು ಪುಸ್ತಕವನ್ನು ‘ನೈಸ್’ ಎಂದ ತರುಣಿಯನ್ನು ನಾಯಕನು ಪರಿಹಾಸ ಮಾಡುತ್ತಾನೆ. ಸಕಲ ವಿಷಯಗಳಿಗೂ ಇದೊಂದೇ ಹೊಗಳಿಕೆಯಾಯಿತೆಂಬುದು ಅವನ ಆಕ್ಷೇಪ. ಇಂಗ್ಲಿಷರಿಗೇ ಈ ಶಬ್ದವು ಸಂದೇಹಾಸ್ಪದವಾಗಿತ್ತೆಂಬುದು ಇದರಿಂದ ಸ್ಪಷ್ಟವಾಗುವುದು.

ಅಜ್ಞಾನವಾಚಕವು ಪ್ರಶಂಸಾವಾಚಕವಾದುದನ್ನು ಕಂಡು ನಾವು ಆಶ್ಚರ್ಯಪಡಬೇಕಾಗಿಲ್ಲ. ನಮ್ಮ ‘ಮುಗ್ಧ’ ಶಬ್ದದ ಗತಿಯೂ ಹೀಗೆಯೇ. ‘ಮುಹ್’ ಧಾತುವಿನಿಂದ ಹುಟ್ಟಿ ‘ಮೋಹಗೊಂಡ’, ‘ತಿಳಿಗೇಡಿ’ ಎಂಬ ಅರ್ಥದಲ್ಲಿದ್ದ ಈ ಪದವು ಸಂಸ್ಕೃತದಲ್ಲಿಯೇ ‘ಮನೋಹರ’ ಎಂಬ ಅರ್ಥವನ್ನು ಪಡೆಯಿತು. ಅಲಂಕಾರಿಕರ ‘ಮುಗ್ಧೆ’ಯು ಮೂಢೆಯಲ್ಲ, ಕನ್ನಡದ ‘ಮುಗುದೆ’ಯೂ ಅಲ್ಲ. ವ್ಯತ್ಯಾಸವೇನೆಂದರೆ, ‘ಮುಗ್ಧ’ವು ಒಂದು ಬಗೆಯ ಚೆಲುವಿನಲ್ಲಿ ನೆಲೆನಿಂತಿತು, ‘ನೈಸ್’ ಎಲ್ಲೆಯಿಲ್ಲದೆ ಹಬ್ಬಿ ತೆಳುವಾಯಿತು.

ಇದೇ ಶಬ್ದವು ಕನ್ನಡಕ್ಕೆ ಬಂದು ತಳೆದ ರೂಪವು ವಿಚಾರಾರ್ಹವಾಗಿದೆ. ಅಡುಗೆಮನೆಯಲ್ಲಿ ಹಿಟ್ಟನ್ನು ‘ನೈಸಾಗಿ ರುಬ್ಬು’ ಎನ್ನುತ್ತೇವೆ. ಬಟ್ಟೆಯು ‘ನೈಸಾಗಿದೆ’ ಎಂದರೆ ನುಣುಪಾಗಿದೆ ಎಂದರ್ಥ. ಒಬ್ಬನನ್ನು ‘ನೈಸು ಮಾಡುವುದು’ ಎಂದರೆ ನಯವಾದ ಮಾತಿನಿಂದ ಒಲಿಸಿಕೊಳ್ಳುವುದು. ‘ನೈಸಾಗಿ ಜಾರಿಕೊಂಡ’ ಎಂಬಲ್ಲಿ ಜಾಣತನದ ಛಾಯೆಯುಂಟು. ಈ ಯಾವ ಅರ್ಥವೂ ಇಂದಿನ ಇಂಗ್ಲಿಷಿನ ‘ನೈಸ್’ಗೆ ಇಲ್ಲ. ನುಣ್ಣನೆಯ ಹಿಟ್ಟಿಗೆ ಇಂಗ್ಲಿಷರು ‘ಫೈನ್’ ಎನ್ನುವರು. ನಮ್ಮಲ್ಲಿ ಮೊದಲೇ ಇದ್ದ ‘ನಯ’ ಎಂಬುದರ ಧ್ವನಿಸಾಮ್ಯದಿಂದ ಈ ಅರ್ಥಸಂಕೋಚವುಂಟಾಗಿರಬಹುದೆಂದು ಊಹಿಸಲು ಅವಕಾಶವಿದೆ. ಆದ್ದರಿಂದ ವಿದ್ಯಾರ್ಥಿಯು ಈ ಶಬ್ದವನ್ನು ಹೊಸದಾಗಿ ಕಲಿಯುವುದಿಲ್ಲ. ಕನ್ನಡದ ‘ನೈಸ’ನ್ನು ಮರೆತು ಕಲಿಯಬೇಕಾಗುತ್ತದೆ.

ಇಂಗ್ಲಿಷಿನಲ್ಲಿ ಇದರ ಪ್ರಯೋಗಗಳನ್ನು ಮುಖ್ಯವಾಗಿ ಐದಾಗಿ ವಿಂಗಡಿಸಬಹುದು. ಊಟ, ಮನೆ, ಹವೆ ಮೊದಲಾದುವುಗಳೊಡನೆ ‘ಹಿತವಾದ’ ಎಂದರ್ಥ. ಮನುಷ್ಯನೊಡನೆ ‘ಸೌಜನ್ಯವುಳ್ಳ’ ಎಂದರ್ಥ. ಇಲ್ಲಿ ಹೊಗಳುವುದು ನಡವಳಿಕೆಯನ್ನು, ಶೀಲವನ್ನಲ್ಲ. ‘ನೈಸ್ ಡಿಸ್ಟಿಂಕ್ಷನ್’ ಎಂಬಲ್ಲಿ ಹಳೆಯ ‘ಸೂಕ್ಷ್ಮ’ಾರ್ಥವು ಉಳಿದಿದೆ. ಅದನ್ನು ‘ಒಳ್ಳೆಯ ಭೇದ’ವೆಂದು ಭಾಷಾಂತರಿಸುವುದು ತಪ್ಪು. ‘ನೈಸ್ ಅಂಡ್ ವಾರ್ಮ್’ ಎಂಬಲ್ಲಿ ಎರಡು ಗುಣಗಳಿಲ್ಲ. ಮೊದಲನೆಯದು ಎರಡನೆಯದಕ್ಕೆ ಮೆರುಗು ಕೊಡುವುದು. ‘ನೈಸ್ ಮೆಸ್’ ಎಂಬುದು ಕೇವಲ ವ್ಯಂಗ್ಯ. ಕಡೆಯ ಎರಡಕ್ಕೂ ಕನ್ನಡದಲ್ಲಿ ಸಮಾನಪ್ರಯೋಗಗಳಿವೆಯೆಂಬುದನ್ನು ಗಮನಿಸಬೇಕು: ‘ಒಳ್ಳೆ ಬಿಸಿಬಿಸಿ ಚಹಾ’ ಎನ್ನುತ್ತೇವೆ, ‘ಒಳ್ಳೆ ಫಜೀತಿಯಾಯಿತು’ ಎನ್ನುತ್ತೇವೆ. ಹೀಗೆ ಪದಕ್ಕೆ ಪದವು ಸೇರದಿದ್ದರೂ ಪ್ರಯೋಗಕ್ಕೆ ಪ್ರಯೋಗವು ಸೇರುತ್ತದೆ.

ಈ ವಿವೇಚನೆಯು ಅನಾವಶ್ಯಕವಾದ ಸೂಕ್ಷ್ಮತೆಯೆಂದು ಕೆಲವರು ಹೇಳಬಹುದು. ಆದರೆ ವಿದ್ಯಾರ್ಥಿಯು ‘ಬಸವೇಶ್ವರರು ನೈಸ್ ಮನುಷ್ಯರು’ ಎಂದೋ, ‘ಪಂಪಭಾರತವು ನೈಸ್ ಕಾವ್ಯ’ ಎಂದೋ ಇಂಗ್ಲಿಷಿನಲ್ಲಿ ಬರೆದರೆ ಆಗುವುದೇನು? ಅವನ ಮನಸ್ಸಿನಲ್ಲಿರುವುದು ಭಕ್ತಿ. ಓದುವವನಿಗೆ ಕಾಣುವುದು ಲಘುತ್ವ. ಕನ್ನಡದಲ್ಲಿ ‘ಛಲೋ’, ‘ಚೆನ್ನಾಗಿದೆ’ ಎಂಬ ಮಾತುಗಳು ಧ್ವನಿಯ ಏರಿಳಿತದಿಂದಲೂ, ‘ಭಾಳ’, ‘ಬಹಳ’ ಎಂಬುವುಗಳ ನೆರವಿನಿಂದಲೂ ರೊಟ್ಟಿಯಿಂದ ಕಾವ್ಯದವರೆಗೆ ಏರಬಲ್ಲವು. ‘ನೈಸ್’ಗೆ ಆ ಶಕ್ತಿಯಿಲ್ಲ. ಇಂಗ್ಲಿಷಿನಲ್ಲಿ ಮೆಚ್ಚಿಕೆಯ ಮಟ್ಟವು ಏರಿದಂತೆ ಪದವನ್ನೇ ಬದಲಿಸಬೇಕಾಗುವುದು. ಇದನ್ನರಿಯದ ವಿದ್ಯಾರ್ಥಿಯ ರಸಜ್ಞತೆಯು ಅವನ ಭಾಷೆಯ ಕೊರತೆಯಿಂದ ಮುಚ್ಚಿಹೋಗುತ್ತದೆ. ಉಪಾಧ್ಯಾಯನು ಅದನ್ನು ರಸಜ್ಞತೆಯ ಕೊರತೆಯೆಂದೇ ಎಣಿಸುವ ಅಪಾಯವೂ ಉಂಟು.

ಆದಕಾರಣ ಬೋಧಕರು ಪ್ರಶಂಸಾವಾಚಕಗಳನ್ನು ಒಂಟಿಯಾಗಿ ಕಲಿಸದೆ, ಅವು ಯಾವ ನಾಮಪದಗಳ ಸಂಗಡ ಬರುವುವೋ ಅವುಗಳೊಡನೆ ಕಲಿಸುವುದು ಲೇಸು. ಮೊದಲು ವಿದ್ಯಾರ್ಥಿಗಳಿಂದ ಅವರ ಆಡುಮಾತಿನ ‘ಛಲೋ’ ಪ್ರಯೋಗಗಳನ್ನು ಹೇಳಿಸಿ, ಅವುಗಳಲ್ಲಿ ‘ನೈಸ್’ ಎಲ್ಲಿ ಸಲ್ಲುವುದು, ಎಲ್ಲಿ ಸಲ್ಲದು ಎಂದು ಬೇರ್ಪಡಿಸಬೇಕು. ಹೀಗೆ ಮಾಡಿದಲ್ಲಿ ಇಂಗ್ಲಿಷಿನ ಒಂದು ಪದದೊಡನೆ ತಮ್ಮ ನುಡಿಯ ಹತ್ತು ಮಾತುಗಳ ತೂಕವೂ ಅವರಿಗೆ ತಿಳಿಯುವುದು. ಹೊಗಳಿಕೆಯು ತಕ್ಕ ಮಾತನ್ನು ಪಡೆದಾಗಲೇ ಹೊಗಳಿದವನ ಅರಿವೂ ಬೆಳಕಿಗೆ ಬರುತ್ತದೆ.